ಮುಚ್ಚಿದ ಗೆರೆ

ಗ್ರಿಮ್ಸ್‌ಬಿಯ ತಗಡಿನ ಶೆಡ್ಡು, ಹೀಟರಿನ ಮುಂದೆ ನನ್ನ ಕಾಲು.
ಚಾವಣಿಯ ಮೇಲೆ ಗಾಳಿದಿಕ್ಕು ತೋರಲೆಂದು
ಈನಿಡ್ ಥ್ವೇಟ್ ಕಳಿಸಿದ ಹೆಬ್ಬಾತು
ಪರದೆಗೆ ಬಂದು ಬಿತ್ತು:
ಸಾವಿರದ ಇನ್ನೂರು ತುಣುಕು,
ಒಂದಕ್ಕೂ ಪಕ್ಕದ್ದರ ಪರಿಚಯವಿಲ್ಲ.

ಅಳತೆಯೂ ಸುಳ್ಳು. ಮಿಲಿಮೀಟರು ಇಂಚಾಗಿ
ಹಕ್ಕಿ ಚರ್ಚಿನಷ್ಟು ಎತ್ತರ.
ಕುಗ್ಗಿಸಿದೆ. ಒಂದರ ಮೇಲೊಂದು ಮಲಗಿದ್ದ
ಜೋಡಿಗೆರೆ ಅಳಿಸಿದೆ. ರೆಕ್ಕೆಯ ನೂರು ಚೂರಿಗೆ
ಒಂದೇ ಕಮಾನು ಎಳೆದೆ.

ಆದರೂ ದಪ್ಪ ಕೊಟ್ಟರೆ ಒಲ್ಲೆನ್ನುತ್ತದೆ.
ಎಲ್ಲೋ ಎಳ್ಳಿನಷ್ಟು ಸಂದು.
ಹಿಗ್ಗಿಸಿ ಹಿಗ್ಗಿಸಿ ಹುಡುಕಿದರೆ
ಕೊಕ್ಕಿನ ತುದಿಯಲ್ಲಿ.

ಮೇಲಿನದನ್ನು ಕೆಳಗಿನದಕ್ಕೆ ಸೇರಿಸಿ ಫೋನು ಮಾಡಿದೆ.
"ಬಾಯಿ ಮುಚ್ಚಿಸಿದೆಯಾ? ಅದು ಜನ್ಮದಲ್ಲಿ ಮುಚ್ಚಿದ್ದಿಲ್ಲ."

ಬಿಚ್ಚಿದೆ. ಗೆರೆಯನ್ನು ಗಂಟಲೊಳಗೆ ಇಳಿಸಿ,
ನಾಲಗೆ ಸುತ್ತಿಸಿ, ಹೊರತಂದು ಕಟ್ಟಿದೆ.
ಈಗ ಗೆರೆ ಮುಚ್ಚಿದೆ,
ಬಾಯಿ ತೆರೆದಿದೆ.
ನಾಳೆ ಉಕ್ಕು. ಆಮೇಲೆ
ಅದರ ಗಾಳಿ, ಅದರ ಜಗಳ.