ಕಟ್ಟಿದ್ದು ನಾನೇ

ರುವಿಯ ಮೂರನೇ ಮಹಡಿ. ಎರಡಂತಸ್ತಿನ ಮಂಚದಲ್ಲಿ
ಮೇಲಿನದು ನನ್ನದು, ಕೆಳಗಿನದು ಸಿಪ್ರಿಯಾನನ ಗೊರಕೆಯದು.
ಏಸಿ ತೊಟ್ಟಿಕ್ಕುತ್ತಿದೆ ಬಕೆಟ್ಟಿಗೆ,
ತೊಡೆಯ ಮೇಲೆ ಲ್ಯಾಪ್‌ಟಾಪಿನ ಕಾವು.

ಹಗಲು ನಾನು ಬಿಲ್ ಮೆಷಿನ್ ರಿಪೇರಿಯವನು.
ಮತ್ರಾದ ಮೀನು ಮಾರ್ಕೆಟ್ಟಿನಲ್ಲಿ ತಕ್ಕಡಿಯ ಮಗ್ಗುಲ ಪ್ರಿಂಟರು
ಉಪ್ಪುಗಾಳಿ ಕುಡಿದು ಕೆಮ್ಮಿದರೆ ಎದೆ ಬಿಚ್ಚಿ ನೋಡುತ್ತೇನೆ:
ಹಲ್ಲುಚಕ್ರ, ರಬ್ಬರ್ ರೋಲರು, ಎಳ್ಳಿನಷ್ಟು ಸ್ಪ್ರಿಂಗು.
ಯಾವ ಸ್ಕ್ರೂವಿಗೂ ನನ್ನ ಚೀಲದಲ್ಲಿ ಡ್ರೈವರುಂಟು.

ರಾತ್ರಿ ಬೇರೆ ಡ್ರೈವರು.
ಕಂಪನಿ ಕೊಟ್ಟದ್ದು ಒಂದೇ ಒಂದು ಫೈಲು, ಸ್ಕ್ರೂ ಇಲ್ಲ.
ಬಿಚ್ಚಬಾರದು, ತಿದ್ದಬಾರದು, ಇದ್ದ ಹಾಗೆ ಹಂಚಬಹುದು
ಅನ್ನುವುದಕ್ಕೆ ಹದಿನಾಲ್ಕು ಪುಟದ ಕರಾರು.

ಯಾರು ಬೇಕಾದರೂ ಓದಬಹುದಾದ, ಯಾರಪ್ಪನದೂ ಅಲ್ಲದ
ನಮ್ಮ ಆಪರೇಟಿಂಗ್ ಸಿಸ್ಟಮಿನ ಜಗಲಿಯಲ್ಲಿ
ಈ ಬಾಯಿಬಿಡದ ನೆಂಟನಿಗೊಂದು ಮಣೆ ಹಾಕಬೇಕು.
ಸಂಬಳವಿಲ್ಲ.
ನೆಂಟನ ಗತ್ತು ಬೇರೆ:
ಎಂಟು ವರ್ಷ ಹಳೆಯ ಇನ್ನೊಂದು ಲೈಬ್ರರಿ ಜೊತೆಗಿಲ್ಲದಿದ್ದರೆ
ಒಂದಕ್ಷರ ಆಡುವುದಿಲ್ಲವಂತೆ.
ಅದನ್ನೂ ಹುಡುಕಿ ತಂದು, ಉಳಿದವರ ಕಾಲಿಗೆ ತೊಡರದಂತೆ
ಮೂಲೆಯ ಫೋಲ್ಡರಿನಲ್ಲಿ ಮಲಗಿಸಿದೆ.
ಹೆಸರು, ಆವೃತ್ತಿ, ಯಾವ ಚಿಪ್ಪಿಗೆ: ಸಾಲು ಸಾಲಾಗಿ ತುಂಬಿಸಿದೆ.
ಮೂಲ ಎಲ್ಲಿದೆ ಎಂಬಲ್ಲಿ ಬೆರಳು ತಡೆಯಿತು.
ಇಲ್ಲ ಎಂದು ಬರೆದೆ.
ಕಟ್ಟಿದವರು ಯಾರು ಎಂಬಲ್ಲಿ ನನ್ನ ಹೆಸರು.

ಹೋದ ರಜೆಯಲ್ಲಿ ಸಿಪ್ರಿಯಾನ್ ಕೊಟ್ಟಿದ್ದ
ಕಂದು ಟೇಪು ಸುತ್ತಿದ ಪೊಟ್ಟಣ, ಕಲ್ಯಾಣಪುರದ ತಂಗಿಗೆ.
ಒಳಗೆಂತದು ಅಂದರೆ
ಎಂತ ಇಲ್ಲ ಮಾರಾಯ, ಅಂದಿದ್ದ.
ಏರ್‌ಪೋರ್ಟಿನ ಕೌಂಟರಿನ ಹುಡುಗಿ ತಲೆಯೆತ್ತದೆ ಕೇಳಿದಳು,
ಪ್ಯಾಕ್ ಮಾಡಿದ್ದು ನೀವೇ ತಾನೇ?
ಹೌದು ಅಂದೆ.
ಕಡಲು ದಾಟುವ ತನಕ ತಲೆಯ ಮೇಲಿನ ಗೂಡಿನಿಂದ
ಅದು ನನ್ನನ್ನೇ ನೋಡುತ್ತಿತ್ತು.
ತಂಗಿ ಇಸಿದುಕೊಂಡಳು, ಚಾ ಕೊಟ್ಟಳು,
ನಾನು ಹೊರಡುವವರೆಗೂ ಬಿಚ್ಚಲಿಲ್ಲ.

ಬೆಳಕು ಹರಿಯುವ ಮೊದಲೇ ಮತ್ರಾದಲ್ಲಿದ್ದೆ.
ಖಲ್ಫಾನ್ ಎರಡು ಕಿಲೋ ಅಂಜಲ್ ತೂಗಿ ಗುಂಡಿ ಒತ್ತಿದ.
ಕರ್ರೆಂದು ಬಂತು ಬಿಲ್ಲು, ತೂಕ ಸರಿ, ದರ ಸರಿ,
ಅರಬ್ಬಿ ಬಲದಿಂದ ಎಡಕ್ಕೆ ನೆಟ್ಟಗೆ.
ಕೊನೆಯಲ್ಲಿ ಮಾತ್ರ, ನಾನು ಕೇಳದ
ಮೂರು ಚುಕ್ಕಿ.
ಎರಡನೇ ಬಿಲ್ಲಿನಲ್ಲೂ. ಮೂರನೆಯದರಲ್ಲೂ.

ಇದೇನು, ಎಂದ ಖಲ್ಫಾನ್, ಹಸಿ ಬೆರಳನ್ನು ಅಲ್ಲೇ ಊರಿ.

ಕಟ್ಟಿದ್ದು ನಾನೇ, ಎಂದೆ.