ಪಟ್ಟಿಯ ಕೆಳಗೆ

ಚಿಲೋಯೆ ದ್ವೀಪದಲ್ಲಿ ಏಪ್ರಿಲ್ ಅಂದರೆ ಸೇಬು ಅರೆಯುವ ಕಾಲ.
ಕೊಟ್ಟಿಗೆಯ ಬಾಗಿಲಲ್ಲಿ ಹನ್ನೊಂದು ಮೂಟೆ ಹಣ್ಣು,
ಮೂಟೆಗಳ ಮೇಲೆ ಕಾಲು ಇಳಿಬಿಟ್ಟು ಕೂತ ನೆರೆಹೊರೆ,
ಸೇಬಿನ ಹುಳಿವಾಸನೆಯ ನಡುವೆ
ಬರಬಾರದ ಇನ್ನೊಂದು ವಾಸನೆ.

ಪೆಟ್ರೋಲ್, ಅಂದಳು ಎದುವಿನಾ, ಮೂಗಿನಲ್ಲೇ ನೋಡಿ.

ಎಂಜಿನ್ನಿನ ಪಕ್ಕೆಯಲ್ಲಿ ಒಂದು ಹನಿ
ಬೀಳಲೋ ಬೇಡವೋ ಅಂತ ತೂಗಿ, ಬಿತ್ತು.
ಅದರ ಹಿಂದೆಯೇ ಇನ್ನೊಂದು, ಅವಸರವಿಲ್ಲದೆ.

ಸಲಹೆಗೆ ಬರವೇ?
ಮೂಲೆಯ ಹೊಲಿಗೆ ಬಿಟ್ಟಿದೆ, ಅಂದ ಬೆಲಾರ್ಮಿನೊ.
ನಲ್ಲಿಯ ವಾಷರ್, ಅಂದಳು ಅವನ ಅತ್ತೆ.
ಬಟ್ಟೆ ಸೋಪು ಉಜ್ಜಿದರೆ ಸಂಜೆತನಕ ನಿಲ್ಲುತ್ತೆ, ಅಂದೆ ನಾನು,
ಹತ್ತು ವರ್ಷ ಈ ಎಂಜಿನ್ ಸಾಕಿದ ಗತ್ತಿನಲ್ಲಿ.
ಸಂಜೆ ಬರುತ್ತಲ್ಲ, ಅಂದಳು, ಆಗಲೇ ಟ್ಯಾಂಕು ಬಿಚ್ಚುತ್ತ.

ಮಿಕ್ಕ ಪೆಟ್ರೋಲನ್ನು ಡಬ್ಬಿಗೆ ಬಸಿದು
ಒಲೆಯಿಂದ ನೂರು ಹೆಜ್ಜೆ ಆಚೆ ಇಟ್ಟು ಬಂದಳು.
ಹೆಜ್ಜೆ ಎಣಿಸಿದ್ದು ನಮಗೆಲ್ಲ ಕೇಳಿಸಿತು.
ಟ್ಯಾಂಕಿನೊಳಗೆ ಒಂದು ಹಿಡಿ ನಟ್ಟು, ಸೋಪಿನ ಬಿಸಿನೀರು,
ಕುಲುಕಿ ಚೆಲ್ಲಿ, ಕುಲುಕಿ ಚೆಲ್ಲಿ:
ಮೊದಲು ಕಷಾಯದ ಬಣ್ಣ, ಆಮೇಲೆ ಇಟ್ಟಿಗೆಯದು,
ಕಡೆಗೆ ಏನೂ ಅಲ್ಲದ ಬಣ್ಣ.

ಸಾಕು, ಅಂದೆ ನಾಲ್ಕನೆಯ ಸಲಕ್ಕೆ.
ಅವಳು ಎಡಗೈ ತೋರಿಸಲಿಲ್ಲ; ತೋಳು ಮಡಚಿದಳು, ಅಷ್ಟೆ.
ಮಣಿಕಟ್ಟಿನಿಂದ ಮೊಣಕೈವರೆಗೆ ಆ ಚರ್ಮ
ನುಣ್ಣಗೆ, ಒಂದು ರೋಮವೂ ಇಲ್ಲದೆ,
ಟ್ಯಾಂಕು ಖಾಲಿ ಅಂತ ಯಾರೋ ಹೇಳಿದ್ದನ್ನು ನಂಬಿದ ವರ್ಷದ್ದು.
ತುಂಬಿದ್ದು ಉರಿಯುತ್ತೆ, ಖಾಲಿದು ಸಿಡಿಯುತ್ತೆ,
ಅನ್ನುತ್ತಾಳೆ ಒಮ್ಮೊಮ್ಮೆ, ಆಲೂಗಡ್ಡೆ ಸುಲಿಯುವಾಗ.

ಐದನೆಯ ಸಲವೂ ತೊಳೆದಳು.

ಮುಚ್ಚಳ ಬಿಗಿದು ನಲ್ಲಿಯ ಕಡೆಯಿಂದ ಊದಿದಳು,
ನಾನು ಸೋಪಿನ ನೊರೆ ಸವರುತ್ತ ಹೋದೆ.
ಹೊಲಿಗೆ ಮೌನ. ನಲ್ಲಿಯ ಬುಡ ಮೌನ.
ಟ್ಯಾಂಕನ್ನು ತಬ್ಬಿ ಹಿಡಿಯುವ ಕಬ್ಬಿಣದ ಪಟ್ಟಿ ಇತ್ತಲ್ಲ,
ಅದು ಕೂತಿದ್ದ ಜಾಗದಲ್ಲಿ, ಬೆಳ್ಳಗೆ ಸವೆದ ಗೆರೆಯ ನಡುವೆ
ಒಂದು ಗುಳ್ಳೆ ಹುಟ್ಟಿತು. ಸಾಸಿವೆಯಷ್ಟು. ಬಟಾಣಿಯಷ್ಟು.
ಅದರ ಮೈಮೇಲೆ ಕಿಟಕಿ, ಮೂಟೆಗಳು,
ಮತ್ತು ಮೂಗು ದಪ್ಪಗಾದ ನಾನು.

ಪ್ರತಿ ವರ್ಷ ಆ ಪಟ್ಟಿ ಬಿಗಿದವನು ನಾನೇ.
ಅಲುಗಬಾರದು ಅಂತ. ಬೀಳಬಾರದು ಅಂತ.
ಅರ್ಧ ಸುತ್ತು, ಇನ್ನರ್ಧ ಸುತ್ತು, ಸ್ಪ್ಯಾನರ್ ಕಿರುಗುಟ್ಟುವವರೆಗೆ.
ಎಂಜಿನ್ ನಡುಗುವುದನ್ನು ಬಿಡುತ್ತದೆಯೇ?
ಹತ್ತು ಸುಗ್ಗಿ ಕಬ್ಬಿಣ ತಗಡನ್ನು ಉಜ್ಜಿದೆ.

ಅವಳು ಏನೂ ಅನ್ನಲಿಲ್ಲ. ತೂತು ಮೇಲಾಗುವಂತೆ
ಟ್ಯಾಂಕನ್ನು ಮರಳಿನಲ್ಲಿ ಊರಿ,
ತೂತಿಗೆ ಬೆರಳಗಲ ಕಮ್ಮಿ ನೀರು ತುಂಬಿ,
ನಲ್ಲಿಯ ಬಾಯನ್ನು ಉಸಿರಾಡಲು ಬಿಟ್ಟಳು.
ಸಾರ್ಡೀನ್ ಡಬ್ಬಿಯಿಂದ ಕತ್ತರಿಸಿದ ತಗಡು, ಹೆಬ್ಬೆರಳ ಉಗುರಿನಷ್ಟು.
ತಾಮ್ರದ ಮೂತಿ ಕೆಂಡದಿಂದೆದ್ದು ನವಸಾಗರಕ್ಕೆ ತಾಗಿ
ಬಿಳಿ ಹೊಗೆ; ಬೆಲಾರ್ಮಿನೊ ಕೆಮ್ಮಿದ;
ಬೆಸುಗೆ ಒಂದು ಕ್ಷಣ ಗುಂಡಗೆ ಹಟ ಹಿಡಿದು
ತಟ್ಟನೆ ತೆಳುವಾಗಿ ಅಂಚಿಗೆಲ್ಲ ಓಡಿತು.

ಅದು ತಣಿಯುವಾಗ ನನ್ನ ಕಡೆ ಎಸೆದಳು
ಜೊತೆ ಕಳೆದುಕೊಂಡ ಒಂದು ಬೂಟು, ಒಂದು ಚಾಕು:
ನಾಲ್ಕು ಬೆರಳಗಲ ಕೊಯ್ದುಕೊಡು, ಪಟ್ಟಿಯ ಕೆಳಗೆ.
ಕೊಯ್ದೆ. ಸೊಟ್ಟಗಾಯಿತು. ಇನ್ನೊಂದು ಕೊಯ್ದೆ.

ಒಳಗಿನ ನೀರು ಆರಲು ಮೂಟೆಗಳು ಒಂದು ರಾತ್ರಿ ಕಾದವು.
ಗೊಣಗುತ್ತ ಹೋದ ನೆರೆಹೊರೆ
ಬೆಳಗ್ಗೆ ಅವೇ ಮೂಟೆಗಳ ಮೇಲೆ ಬಂದು ಕೂತಿತು.

ನಟ್ಟನ್ನು ನನ್ನ ಕೈಗೇ ಕೊಟ್ಟಳು.
ಬಿಗಿದೆ. ನಿಲ್ಲು, ಅಂದಳು.
ಇನ್ನೂ ಅರ್ಧ ಸುತ್ತು ಉಳಿದಿತ್ತು.
ಕೈ ತುರಿಸಿತು. ಬಿಟ್ಟೆ.

ಮೂರನೆಯ ಎಳೆತಕ್ಕೆ ಎಂಜಿನ್ ಎದ್ದಿತು.
ಟ್ಯಾಂಕು ತನ್ನ ಪಟ್ಟಿಯೊಳಗೆ ಚೂರೇ ಚೂರು ಅಲುಗುತ್ತಿತ್ತು.
ಕೆಳಗೆ ಒಣ ಹಲಗೆ. ಆದರೂ ಆಗಾಗ ಬಗ್ಗಿ
ಬೆರಳಿಟ್ಟು ಮೂಸಿ ನೋಡಿದೆ:
ಬೂಟು. ಸೇಬು.