ಬಿಣಗಾ ಏರಿನ ಸೀಟಿ

ಬಾಗಿಲಿನ ಒಳಹಲಗೆ ಕಳಚಿದರೆ ತಿಳಿಯುತ್ತದೆ
ಗಾಡಿ ಎಂಥವರದೆಂದು.
ಇದರಲ್ಲಿ ಒಂದು ಹಿಡಿ ಮರಳು,
ಎರಡು ಒಣ ಸಿಗಡಿ, ಒಂದು ಹೇರ್‌ಪಿನ್ನು,
ಮತ್ತೆ ಕಂಪನಿ ಕೊಟ್ಟ ಸ್ಪೀಕರು:
ಕಾಗದದ ಬೋಗುಣಿ, ಬಿಸ್ಕೀಟಿನಷ್ಟು ಅಯಸ್ಕಾಂತ.
ಉಪ್ಪುಗಾಳಿ ಅದರ ಅಂಚನ್ನು ಹಪ್ಪಳ ಮಾಡಿಟ್ಟಿತ್ತು.
ಒತ್ತಿದೆ. ಹೆಬ್ಬೆರಳು ಆಚೆಗೆ ಹೋಯಿತು.

"ಇದರಲ್ಲಿ ಏನೂ ಕೇಳುವುದಿಲ್ಲ ಮಾರಾಯ,"
ಅಂದರು ಪುಂಡಲೀಕ ಹರಿಕಂತ್ರರು, ಕೂಗಿ.
ಅವರು ಮಾತಾಡುವುದೇ ಹಾಗೆ.
ಇಪ್ಪತ್ತೆಂಟು ವರ್ಷ ಟ್ರಾಲರಿನ ಹೊಟ್ಟೆಯಲ್ಲಿ
ಆರು ಸಿಲಿಂಡರಿನ ಪಕ್ಕ ಉಂಡವರು, ಮಲಗಿದವರು.
"ದೊಡ್ಡದು ಹಾಕು. ದುಡ್ಡಿನ ಮಾತು ಆಮೇಲೆ."

ಕೋಡಿಬಾಗದ ತಗಡಿನ ಮಾಡಿನಡಿ
ನಾನೂ ನೆಲ್ಸನ್ನೂ ಬಾಗಿಲಿಗೆ ಡಾಂಬರು ಹಾಳೆ ಅಂಟಿಸಿದೆವು,
ಬೆರಳಗಂಟಿನಿಂದ ಬಡಿದು ಬಡಿದು
ಡಬ್ಬಿಯ ಸದ್ದು ಹೋಗಿ
ಹಲಸಿನ ಹಲಗೆಯ ಸದ್ದು ಬರುವ ತನಕ.
ಆರೂವರೆ ಇಂಚಿನವು ಎರಡು,
ಸೀಟಿನಡಿ ಆಂಪ್ಲಿಫಯರು,
ಕನ್ನಡಿಯ ಮೂಲೆಗೆ ಗೋಲಿಯಷ್ಟು ಟ್ವೀಟರು.

ಪರೀಕ್ಷೆಗೆ ನಾನು ಹಾಡು ಹಾಕುವುದಿಲ್ಲ.
ಒಂದೇ ದನಿ, ತಳದಿಂದ ಮೇಲಕ್ಕೆ ಎಳೆಯುತ್ತೇನೆ
ಬಾವಿಯಿಂದ ಕೊಡ ಎಳೆದ ಹಾಗೆ.
ತಳದಲ್ಲಿ ಅವರು ನಕ್ಕರು: "ಕಾಲಿಗೆ ಕೇಳುತ್ತಿದೆ!"
ನಡುವಿನಲ್ಲಿ ತಲೆಯಾಡಿಸಿದರು.
ದನಿ ಏರಿತು. ಇನ್ನೂ ಏರಿತು.
ನೆಲ್ಸನ್ ಕಿವಿ ಮುಚ್ಚಿಕೊಂಡ,
ರಸ್ತೆಯಾಚೆಯ ನಾಯಿ ಎದ್ದು ಕೂತಿತು.
"ನಿಲ್ಲಿಸಿದೆ ಯಾಕೆ?" ಅಂದರು ಅವರು.

ನಾನು ಸ್ಕ್ರೂಡ್ರೈವರ್ ಒರೆಸಿದೆ,
ಒರೆಸಿದ್ದನ್ನೇ ಒರೆಸಿದೆ.
"ಆ ಚಿಕ್ಕವು ನಿಮಗೆ ಬೇಡ. ಎರಡೂವರೆ ಸಾವಿರ ಉಳಿಯುತ್ತದೆ."
ಅವರು ನಾಯಿಯನ್ನು ನೋಡಿದರು,
ನೆಲ್ಸನ್‌ನ ಕೈ ಇನ್ನೂ ಕಿವಿಯ ಮೇಲಿರುವುದನ್ನು ನೋಡಿದರು.
ಆಮೇಲೆ, ಮೊದಲ ಸಲ, ಮೆಲ್ಲಗೆ:
"ಇರಲಿ ಬಿಡು.
ಎಡಗಡೆ ಸೀಟಿನವಳಿಗೆ ಕೇಳುತ್ತದಲ್ಲ."

ತಿಂಗಳ ಮೇಲೆ ಹಾರ್ನು ಸರಿಮಾಡಿಸಲು ಬಂದರು.
ಎಂಜಿನ್ ಚಾಲೂ ಇತ್ತು.
ಹಾಡಿನ ಹಿಂದೆ ಸುಂಯ್ ಎಂದು ಒಂದು ಸೀಟಿ,
ಆಕ್ಸಿಲರೇಟರ್ ಒತ್ತಿದರೆ ಏರುವುದು, ಬಿಟ್ಟರೆ ಇಳಿಯುವುದು.
ನನ್ನ ಮುಖ ಬೆಚ್ಚಗಾಯಿತು.
ಹುಬ್ಬಳ್ಳಿಯ ಉಸ್ತಾದ ಮೊದಲ ದಿನವೇ ಹೇಳಿದ್ದ:
ಕರೆಂಟಿನ ತಂತಿ, ಹಾಡಿನ ತಂತಿ
ಒಂದೇ ಬದಿಗೆ ಎಳೆಯಬೇಡ,
ಅದರ ಹೊಟ್ಟೆನೋವು ಇದರ ಬಾಯಲ್ಲಿ ಬರುತ್ತದೆ.
ಅವತ್ತು ಶನಿವಾರ ಸಂಜೆ, ಗಡಿಬಿಡಿ, ಎಳೆದಿದ್ದೆ.
ತಿಂಗಳಿಡೀ ಸೀಟಿ ಹೊತ್ತು ತಿರುಗಿದ್ದಾರೆ,
ಗೊತ್ತಿಲ್ಲದೆ.
ಏನೂ ಹೇಳದೆ ತಂತಿ ಬೇರೆ ಮಾಡಿದೆ. ಕಾಸು ಮುಟ್ಟಲಿಲ್ಲ.

ನಾಲ್ಕನೆಯ ದಿನ ಗಾಡಿ ಮತ್ತೆ ಬಂತು.
ಇಳಿದವಳು ಎಡಗಡೆ ಸೀಟಿನವಳು, ದ್ರೌಪದಿಬಾಯಿ.
"ಏನು ತೆಗೆದೆ ನೀನು ಇದರಿಂದ?"

"ಬೆಳಗಿನ ನಾಲ್ಕಕ್ಕೆ ಬೈತಖೋಲ ಬಿಡುತ್ತೇವೆ,
ಮೀನು ಹಿಂದೆ, ನಾವು ಮುಂದೆ.
ಅಂಕೋಲೆ ತನಕ ನನಗೆ ಅದೊಂದೇ ನಿದ್ದೆ.
ಸೀಟಿ ಏರಿದರೆ ಬಿಣಗಾ ಏರು,
ಇಳಿದರೆ ಅರ್ಗಾ,
ಥಟ್ಟನೆ ಕುಸಿದರೆ ಎದುರು ಲಾರಿ, ಇವರು ಕಾಲು ತೆಗೆದರು ಅಂತ.
ಪೂರ್ತಿ ನಿಂತರೆ ಮಾತ್ರ ಕಣ್ಣು ಬಿಡುತ್ತಿದ್ದೆ, ಮಾರ್ಕೆಟ್ಟು.
ಈಗ ಬರೀ ಹಾಡು.
ಹಾಡಿಗೆ ರಸ್ತೆ ಏನು ಗೊತ್ತು?"

"ಅದು ತಪ್ಪು ಬಾಯಿ. ನನ್ನದೇ ತಪ್ಪು."

"ಇರಲಿ. ಅದಕ್ಕೂ ಸೇರಿಸಿಯೇ ದುಡ್ಡು ಕೊಟ್ಟದ್ದಲ್ಲವಾ?"

ನೆಲ್ಸನ್ ನನ್ನ ಮುಖ ನೋಡಿದ.
ಹದಿನೇಳು ವರ್ಷದ ಕೈ ಸ್ವಲ್ಪ ಹೊತ್ತು ಸುಮ್ಮನಿತ್ತು.
ಆಮೇಲೆ ಕಾರ್ಪೆಟ್ಟು ಎತ್ತಿತು,
ಹಾಡಿನ ತಂತಿಯನ್ನು ಬಿಚ್ಚಿ ತಂದು
ಕರೆಂಟಿನ ತಂತಿಯ ಮಗ್ಗುಲಿಗೆ ಮಲಗಿಸಿತು,
ಟೇಪು ಸುತ್ತಿತು, ಮೂರು ಕಡೆ, ಗಟ್ಟಿಯಾಗಿ.

"ಇನ್ನೇನು ರಿಪೇರಿ ಅದರಲ್ಲಿ?"
ಡ್ರೈವರ್ ಸೀಟಿನಿಂದ ಪುಂಡಲೀಕರು ಕೂಗಿದರು.
"ಏನಿಲ್ಲ," ಅಂದೆ.
ಅವರಿಗೆ ಕೇಳಿಸಲಿಲ್ಲ.